ಹುಬ್ಬಿಗೆ ಹಚ್ಚೆ, ತುಟಿಗೆ ಬಣ್ಣ: ರೇಟು ಕೇಳುವ ಮೊದಲು

ಓದುಗರ ಪ್ರಶ್ನೆ, ತಜ್ಞರ ಉತ್ತರ

ಮೈಕ್ರೋಬ್ಲೇಡಿಂಗ್, ಓಂಬ್ರೆ ಹುಬ್ಬು, ಲಿಪ್ ಬ್ಲಶ್ (ತುಟಿಗೆ ಸೂಜಿಯಿಂದ ಬಣ್ಣ ತುಂಬುವುದು), ಪರ್ಮನೆಂಟ್ ಐಲೈನರ್ ಇವಕ್ಕೆಲ್ಲ ‘ಅರೆಶಾಶ್ವತ ಮೇಕಪ್’ ಎಂಬ ಹೆಸರಿದೆ. ಕಲಬುರಗಿ, ಬೀದರ್, ಯಾದಗಿರಿ ಕಡೆಯಿಂದ ಈ ಕುರಿತು ಬಂದ ಪತ್ರಗಳಲ್ಲಿ ಕೆಲವಕ್ಕೆ ಚರ್ಮರೋಗ ವೈದ್ಯರೂ ಈ ಕೆಲಸದಲ್ಲಿ ಪಳಗಿದವರೂ ಸೇರಿ ಇಲ್ಲಿ ಉತ್ತರಿಸಿದ್ದಾರೆ. ಹೆಸರು ಹಾಕಬೇಡಿ ಎಂದವರೇ ಹೆಚ್ಚು. ಹಾಗಾಗಿ ಊರಷ್ಟೇ ಇದೆ.

ಪ್ರಶ್ನೆ: ಮಗಳ ಲಗ್ನ ಏಪ್ರಿಲ್ ಕೊನೀಗಿ ಅದ. ಹುಬ್ಬು ಭಾಳ ತೆಳ್ಳಗ ಅವ. ಪಾರ್ಲರ್‌ನವರು ‘ಮೈಕ್ರೋಬ್ಲೇಡಿಂಗ್ ಮಾಡಸ್ರಿ, ಲಗ್ನಕ್ಕ ಒಂದು ವಾರ ಇದ್ದಾಗ ಮಾಡಿದ್ರ ಛಂದ ಕಾಣ್ತದ’ ಅಂತಾರ. ಇದು ಮೇಕಪ್ಪೋ, ಹಚ್ಚಿಯೋ? ಅಪಾಯ ಇಲ್ಲೇನ್ರಿ?
– ತಾಯಿಯೊಬ್ಬರು, ಕಲಬುರಗಿ

ಹಚ್ಚೆಯೇ, ತಾಯಿ. ಮೈಕ್ರೋಬ್ಲೇಡಿಂಗ್‌ನಲ್ಲಿ ಸಾಲಾಗಿ ಜೋಡಿಸಿದ ಸಣ್ಣ ಸೂಜಿಗಳ ಅಲಗಿನಿಂದ ಕೂದಲೆಳೆಯಂಥ ಗೀರು ಹಾಕಿ ಬಣ್ಣ ತುಂಬುತ್ತಾರೆ. ಓಂಬ್ರೆ ಅಥವಾ ಪೌಡರ್ ಹುಬ್ಬಿನಲ್ಲಿ ಮಷೀನಿನ ಸೂಜಿ ಚುಕ್ಕೆ ಚುಕ್ಕೆಯಾಗಿ ಬಣ್ಣ ಇಳಿಸುತ್ತದೆ. ಯಾವುದೇ ಆದರೂ ಬಣ್ಣ ಕೂರಬೇಕಾದ್ದು ಒಳಚರ್ಮದ ಮೇಲ್ಪದರದಲ್ಲಿ, ಸುಮಾರು ಅರ್ಧ ಮಿಲಿಮೀಟರ್ ಆಳದಲ್ಲಿ. ಅಷ್ಟು ಇಳಿಯದಿದ್ದರೆ ಹಕ್ಕಳೆಯ ಜೊತೆ ಬಣ್ಣವೂ ಉದುರಿಹೋಗುತ್ತದೆ. ಹೆಚ್ಚು ಇಳಿದರೆ ರಕ್ತ ಜಿನುಗಿ ಗೀರುಗಳು ಹರಡಿಕೊಳ್ಳುತ್ತವೆ, ಬಣ್ಣ ನೀಲಿ ಬೂದಿಗೆ ತಿರುಗುತ್ತದೆ, ಕೆಲವರಿಗೆ ಗಾಯದ ಗುರುತೇ ನಿಲ್ಲುತ್ತದೆ. ಅಜ್ಜಿಯರ ಗದ್ದದ ಹಸಿರು ಚುಕ್ಕೆಗಳು ಕೊನೆತನಕ ಉಳಿಯಲು ಸೂಜಿ ಇಳಿದ ಆಳವೂ ಮಸಿಯ ಇಂಗಾಲವೂ ಕಾರಣ. ಇಲ್ಲಿ ಆಳ ಕಡಿಮೆ, ಬಣ್ಣ ಬೇರೆ. ಹಾಗಾಗಿ 1ರಿಂದ 3 ವರ್ಷದಲ್ಲಿ ಮಾಸುತ್ತದೆ. ಮಾಸುತ್ತದೆ ಅಷ್ಟೆ, ಪೂರ್ತಿ ಅಳಿಸಿಹೋಗುತ್ತದೆ ಎಂದು ಯಾರೂ ಬರೆದುಕೊಡಲಾರರು.

ಒಂದು ವಾರ ಮೊದಲು ಎಂಬ ಸಲಹೆಯನ್ನು ಮಾತ್ರ ಕೇಳಬೇಡಿ. ಮೊದಲ 3–4 ದಿನ ಹುಬ್ಬು ಕಾಡಿಗೆ ಬಳಿದಂತೆ ಗಾಢವಾಗಿರುತ್ತದೆ. 5ರಿಂದ 10ನೇ ದಿನದೊಳಗೆ ಹಕ್ಕಳೆ ತುಂಡು ತುಂಡಾಗಿ ಉದುರುತ್ತದೆ, ಅಂದರೆ ಸರಿಯಾಗಿ ಅಕ್ಕಿಕಾಳಿನ ಹೊತ್ತಿಗೆ. ಅದರ ಮೇಲೆ ಅರಿಷಿಣ ಬೇರೆ. ಹಸಿ ಗಾಯಕ್ಕೆ ಅಂಗಡಿಯ ಅರಿಷಿಣ ಮೆತ್ತಿದರೆ ಉರಿ, ನವೆ ಏಳಬಹುದು, ಸೋಂಕೂ ಆಗಬಹುದು. ಎರಡನೇ ವಾರ ಬಣ್ಣ ಮಾಯವಾದಂತೆ ಪೇಲವವಾಗಿ, ಮತ್ತೆ ನಿಧಾನಕ್ಕೆ ಮೇಲೆ ಬರುತ್ತದೆ. ನಿಜವಾದ ಬಣ್ಣ ತಿಳಿಯಲು 4ರಿಂದ 6 ವಾರ ಬೇಕು. ಟಚ್‌ಅಪ್ (ಬಣ್ಣ ಬಿಟ್ಟ ಕಡೆ ಮತ್ತೆ ತುಂಬುವುದು) 6–8 ವಾರಕ್ಕೆ, ಅದು ಮಾಯಲು ಮತ್ತೆ ಒಂದು ತಿಂಗಳು. ಲಗ್ನದಿಂದ ಹಿಂದಕ್ಕೆ ಎಣಿಸಿ: ಮೊದಲ ಕೂರಿಕೆ (ಸಿಟಿಂಗ್) ಜನವರಿ ಮೊದಲರ್ಧದಲ್ಲಿ, ಟಚ್‌ಅಪ್ ಮಾರ್ಚ್ ಮೊದಲ ವಾರದೊಳಗೆ. ಹೋಳಿ ಹಬ್ಬ ಟಚ್‌ಅಪ್‌ನ ಹಿಂದೆಯೇ ಬಂದರೆ ಮಗಳು ಆ ದಿನ ಮನೆಯಲ್ಲೇ ಇರಲಿ. ಆ ದಿನಗಳು ತಪ್ಪಿಹೋಗಿದ್ದರೆ ಲಗ್ನಕ್ಕೆ ಪೆನ್ಸಿಲ್ ಸಾಕು. ಹಚ್ಚೆಯನ್ನು ಆಮೇಲೆ ನೋಡಿಕೊಳ್ಳಬಹುದು.

ಮಗಳ ಚರ್ಮ ಎಣ್ಣೆಯಂಶದ್ದಾದರೆ ಇನ್ನೊಂದು ಮಾತು. ಅಂಥ ಚರ್ಮದಲ್ಲಿ ಕೂದಲೆಳೆಯ ಗೀರು ಕೆಲವೇ ತಿಂಗಳಲ್ಲಿ ಹರಡಿ ಒಂದಕ್ಕೊಂದು ಕೂಡಿಕೊಳ್ಳುತ್ತದೆ. ಮಷೀನಿನ ಪೌಡರ್ ಹುಬ್ಬೇ ಅವರಿಗೆ ವಾಸಿ.

ಪ್ರಶ್ನೆ: ವಯಸ್ಸು 42. ಎರಡು ವರ್ಷದಿಂದ ಹುಬ್ಬಿನ ಹೊರತುದಿ ಉದುರುತ್ತಾ ಬಂದಿದೆ. ಹಚ್ಚೆ ಹಾಕಿಸಿದರೆ ಮುಚ್ಚಿಹೋಗುತ್ತದೆಯೇ?
– ಶಹಾಪುರ, ಯಾದಗಿರಿ ಜಿಲ್ಲೆ

ಮುಚ್ಚಿಹೋಗುತ್ತದೆ. ನಮಗೆ ಭಯ ಇರುವುದೂ ಅದೇ. ಹುಬ್ಬಿನ ಹೊರಗಿನ ಮೂರನೇ ಒಂದು ಭಾಗ ತೆಳ್ಳಗಾದರೆ ಮೊದಲು ನೋಡಬೇಕಾದ್ದು ಥೈರಾಯ್ಡ್. ಟಿಎಸ್‌ಎಚ್ ರಕ್ತಪರೀಕ್ಷೆ ಮಾಡಿಸಿ. ಸುಸ್ತು, ಮೈತೂಕ ಏರುವುದು, ಚಳಿ ತಡೆಯಲಾಗದಿರುವುದು ಜೊತೆಗಿದ್ದರೆ ತಡ ಮಾಡಲೇಬೇಡಿ. ವರ್ಷಗಟ್ಟಲೆ ಥ್ರೆಡಿಂಗ್ ಮಾಡಿಸಿ ಬೇರು ಸತ್ತಿರಬಹುದು. ನವೆಗೆ ಉಜ್ಜಿ ಉಜ್ಜಿ ಹೋಗಿರಬಹುದು. ದುಂಡಗೆ ಬಿಲ್ಲೆಯಂತೆ ಕೂದಲು ಉದುರುವ ಅಲೋಪೇಶಿಯಾ ಅರಿಯೇಟಾ ಇರಬಹುದು. ಕುಷ್ಠರೋಗದಲ್ಲೂ ಹುಬ್ಬು ಉದುರುತ್ತದೆ, ಕಿವಿಯ ಹಾಲೆ ದಪ್ಪಗಾಗುತ್ತದೆ, ಮೈಮೇಲೆ ಸ್ಪರ್ಶ ತಿಳಿಯದ ಮಚ್ಚೆ ಬರುತ್ತವೆ. ಹೆಸರು ಕೇಳಿ ಹೆದರಬೇಡಿ. ಅದಕ್ಕೆ 6 ಅಥವಾ 12 ತಿಂಗಳ ಎಂಡಿಟಿ (ಹಲವು ಔಷಧಿ ಕೂಡಿದ) ಮಾತ್ರೆ ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತ, ಪೂರ್ತಿ ವಾಸಿಯಾಗುತ್ತದೆ. ಹಚ್ಚೆ ಹಾಕಿಸಿ ಗುರುತನ್ನೇ ಮುಚ್ಚಿಬಿಟ್ಟರೆ ರೋಗ ಒಳಗೊಳಗೇ ಬೆಳೆಯುತ್ತದೆ.

ಕಲಬುರಗಿಯ ಜಿಮ್ಸ್, ಬೀದರ್‌ನ ಬ್ರಿಮ್ಸ್, ಯಾದಗಿರಿಯ ಯಿಮ್ಸ್ ಮೂರೂ ಸರ್ಕಾರಿ ವೈದ್ಯಕೀಯ ಕಾಲೇಜುಗಳೇ. ನಿಮಗೆ ಯಾದಗಿರಿಯದು ಹತ್ತಿರ. ಅಲ್ಲಿ ಚರ್ಮರೋಗ ವೈದ್ಯರಿಗೆ ಒಮ್ಮೆ ತೋರಿಸಿ, ಕಾರಣ ತಿಳಿದ ಮೇಲೆ ಹಚ್ಚೆಯ ಮಾತು.

ಪ್ರಶ್ನೆ: ನನಗ ಶುಗರ್ ಅದ, ಹೃದಯಕ್ಕ ಸ್ಟೆಂಟ್ ಹಾಕ್ಯಾರ, ದಿನಾ ಆಸ್ಪಿರಿನ್ ಗುಳಿಗಿ ತಗೋತೀನಿ. ಪಾರ್ಲರ್‌ದಾಕಿ ‘ಒಂದ್ ವಾರ ಗುಳಿಗಿ ಬಿಡ್ರಿ’ ಅಂದಾಳ. ಬಿಡಬಹುದಾ?
– ಸೇಡಂ

ಬಿಡಬೇಡಿ. ಸ್ಟೆಂಟ್ ಇರುವವರು ಹುಬ್ಬಿನ ಆಸೆಗೆ ಆಸ್ಪಿರಿನ್, ಕ್ಲೋಪಿಡೊಗ್ರೆಲ್ (ರಕ್ತ ಹೆಪ್ಪುಗಟ್ಟದಂತೆ ತಡೆಯುವ ಗುಳಿಗೆಗಳು) ನಿಲ್ಲಿಸಿದರೆ ಸ್ಟೆಂಟ್‌ನೊಳಗೆ ರಕ್ತ ಹೆಪ್ಪುಗಟ್ಟಬಹುದು, ಅದು ಜೀವಕ್ಕೇ ಅಪಾಯ. ಗುಳಿಗೆ ನಿಲ್ಲಿಸು ಎನ್ನುವ ಹಕ್ಕು ಅದನ್ನು ಬರೆದುಕೊಟ್ಟ ವೈದ್ಯರಿಗೆ ಮಾತ್ರ. ನಿಲ್ಲಿಸದೆ ಮಾಡಿಸಿದರೆ ರಕ್ತ ಜಿನುಗಿ ಬಣ್ಣವನ್ನೆಲ್ಲ ಹೊರಗೆ ತಳ್ಳುತ್ತದೆ, ಕೊಟ್ಟ ದುಡ್ಡು ನೀರಿಗೆ. ನಿಮ್ಮ ವಿಷಯದಲ್ಲಿ ನಮ್ಮ ಉತ್ತರ ‘ಬೇಡ’.

ಬರೀ ಶುಗರ್ ಇರುವವರಿಗೆ ಹಾಗಲ್ಲ. ಎಚ್‌ಬಿಎ1ಸಿ (ಹಿಂದಿನ ಮೂರು ತಿಂಗಳ ಸಕ್ಕರೆಯ ಸರಾಸರಿ ತಿಳಿಸುವ ರಕ್ತಪರೀಕ್ಷೆ) 7ರ ಆಸುಪಾಸಿದ್ದು ಕಾಲಿನ ಹುಣ್ಣು, ಪದೇ ಪದೇ ಕುರು ಆಗುವ ತೊಂದರೆ ಇಲ್ಲದಿದ್ದರೆ ವೈದ್ಯರನ್ನು ಕೇಳಿ ಮಾಡಿಸಬಹುದು. 8 ದಾಟಿದ್ದರೆ ಮುಂದೂಡಿ. ಗಾಯ ಮಾಯುವುದು ತಡವಾಗಿ ಸೋಂಕಿಗೆ ದಾರಿಯಾಗುತ್ತದೆ.

ಇದೇ ಸಾಲಿನ ಇತರರಿಗೂ ಇಲ್ಲೇ ಹೇಳಿಬಿಡುತ್ತೇವೆ. ಗರ್ಭಿಣಿಯರು, ಹಾಲುಣಿಸುವವರು ಕಾಯಲಿ. ಮೊಡವೆಗೆ ಐಸೊಟ್ರೆಟಿನೊಯಿನ್ ಗುಳಿಗೆ ನುಂಗಿದವರು ಅದು ಮುಗಿದು 6 ತಿಂಗಳು ಬಿಡಿ. ರೆಟಿನಾಲ್, ಗ್ಲೈಕಾಲಿಕ್ ಕ್ರೀಮುಗಳನ್ನು ಕೂರಿಕೆಗೆ 2ರಿಂದ 4 ವಾರ ಮೊದಲೇ ನಿಲ್ಲಿಸಿ. ತೊನ್ನು ಇರುವವರಲ್ಲಿ ಸೂಜಿ ಚುಚ್ಚಿದ ಜಾಗದಲ್ಲೇ ಹೊಸ ಬಿಳಿ ಮಚ್ಚೆ ಏಳಬಹುದು. ಕನಿಷ್ಠ ಒಂದು ವರ್ಷ ಮಚ್ಚೆ ಹಬ್ಬದೆ ನಿಂತಿರಬೇಕು, ಅದೂ ವೈದ್ಯರ ಒಪ್ಪಿಗೆ ಮೇಲೆ. ಸೋರಿಯಾಸಿಸ್‌ಗೂ ಇದೇ ಎಚ್ಚರ. ಕೆಲಾಯ್ಡ್ ಮೈಯೋ ಅಲ್ಲವೋ ತಿಳಿಯಲು ಕಿವಿ ಚುಚ್ಚಿದ ಜಾಗ, ತೋಳಿನ ಮೇಲಿನ ಬಿಸಿಜಿ ಲಸಿಕೆಯ ಗುರುತು ಮುಟ್ಟಿ ನೋಡಿ. ಗಾಯದ ಎಲ್ಲೆ ಮೀರಿ ಗಂಟುಗಂಟಾಗಿ ಉಬ್ಬಿದ್ದರೆ ಈ ಯೋಚನೆಯನ್ನೇ ಬಿಡಿ.

ಪ್ರಶ್ನೆ: ಸಣ್ಣ ಪಾರ್ಲರ್ ನಡಸ್ತೀನ್ರಿ. 3 ದಿವಸದ ಕೋರ್ಸ್ ಮಾಡ್ಕೊಂಡು ಬಂದೀನಿ. ಯುವಿ ಪೆಟ್ಟಿಗಿ ಅದ, ಸಾಮಾನ ಡೆಟಾಲ್‌ನಾಗ ತೊಳೀತೀನಿ. ಬ್ಲೇಡ್ ತುಟ್ಟಿ ಅವ. ಒಬ್ಬಾಕಿ ಬ್ಲೇಡ್ ಆಕಿ ಹೆಸರು ಬರದು ಟಚ್‌ಅಪ್ ತನಕ ಇಟ್ರ ನಡೀತದಾ? ಬಣ್ಣ ಗಟ್ಟಿ ಆದ್ರ ಫಿಲ್ಟರ್ ನೀರು ಹಾಕಬಹುದಾ?
– ಬೀದರ್

ಕೇಳಿದ್ದು ಒಳ್ಳೆಯದಾಯಿತು. ಎರಡಕ್ಕೂ ಉತ್ತರ ‘ಕೂಡದು’.

ಬ್ಲೇಡಿನ ಸೂಜಿಗಳ ನಡುವಿನ ಸಂದಿ ಎಷ್ಟು ಸಣ್ಣದೆಂದರೆ ಅಲ್ಲಿ ಕೂತ ಒಣರಕ್ತವನ್ನು ಬ್ರಷ್ ತಲುಪಲಾರದು. ಹೆಪಟೈಟಿಸ್ ಬಿ ವೈರಸ್ ಒಣಗಿದ ರಕ್ತದಲ್ಲೂ ಕನಿಷ್ಠ 7 ದಿನ ಜೀವ ಹಿಡಿದಿರುತ್ತದೆ. ಹೆಸರು ಬರೆದಿಟ್ಟ ಬ್ಲೇಡಿನಲ್ಲಿ ಬ್ಯಾಕ್ಟೀರಿಯಾ ಎರಡು ತಿಂಗಳು ಬೆಳೆಯುತ್ತಾ ಕೂರುತ್ತವೆ, ಜೊತೆಗೆ ಸೂಜಿ ಮೊಂಡಾಗಿ ಚರ್ಮವನ್ನು ಸೀಳುವ ಬದಲು ಹರಿದುಹಾಕುತ್ತದೆ. ಜಾತ್ರೆಯಲ್ಲಿ ಒಂದೇ ಸೂಜಿಯಲ್ಲಿ ಹತ್ತು ಜನರ ಕೈಗೆ ಹಚ್ಚೆ ಹಾಕುವವನಿಗೂ ನಿಮಗೂ ಇರಬೇಕಾದ ವ್ಯತ್ಯಾಸವೇ ಇದು. ಒಬ್ಬರಿಗೆ ಒಂದು ಬ್ಲೇಡ್, ಒಂದು ಸಲ. ಗಿರಾಕಿಯ ಎದುರೇ ಪೊಟ್ಟಣ ಒಡೆಯಿರಿ. ಅದರ ಮೇಲೆ ‘ಇಒ ಸ್ಟೆರೈಲ್’ (ಎಥಿಲೀನ್ ಆಕ್ಸೈಡ್ ಅನಿಲದಿಂದ ರೋಗಾಣುಮುಕ್ತ ಮಾಡಿದ್ದು) ಗುರುತು, ಲಾಟ್ ನಂಬರ್, ಮುಗಿವ ದಿನಾಂಕ ಇರಬೇಕು. ಲಾಟ್ ನಂಬರನ್ನು ಗಿರಾಕಿಯ ಫಾರ್ಮಿನಲ್ಲಿ ಬರೆದುಕೊಳ್ಳಿ. ನಾಳೆ ಏನಾದರೂ ಆದರೆ ವೈದ್ಯರಿಗೆ ಅದೇ ಸುಳಿವು.

ಯುವಿ (ನೇರಳಾತೀತ ಬೆಳಕಿನ) ಪೆಟ್ಟಿಗೆ ತೊಳೆದ ಸಾಮಾನನ್ನು ಇಡಲು ಸರಿ, ಸ್ಟೆರಿಲೈಸ್ ಮಾಡಲು ಅಲ್ಲ. ಬೆಳಕು ಬಿದ್ದ ಮೇಲ್ಮೈಗಷ್ಟೇ ಅದರ ಕೆಲಸ, ನೆರಳಾದ ಕಡೆ ಏನೂ ಇಲ್ಲ. ಡೆಟಾಲ್ ಕೂಡ ಸ್ಟೆರಿಲೈಸ್ ಮಾಡುವುದಿಲ್ಲ. ಲೋಹದ ಹಿಡಿ, ಚಿಮಟ ಮತ್ತೆ ಬಳಸುವಂಥವಾದರೆ ಆಟೋಕ್ಲೇವ್ (ಒತ್ತಡದ ಹಬೆಯಿಂದ ರೋಗಾಣು ಕೊಲ್ಲುವ ಯಂತ್ರ) ಬೇಕೇ ಬೇಕು: ಸೋಪುನೀರಲ್ಲಿ ಉಜ್ಜಿ ತೊಳೆದು, ಒರೆಸಿ, ಪೊಟ್ಟಣದಲ್ಲಿಟ್ಟು 121 ಡಿಗ್ರಿ ಸೆಲ್ಸಿಯಸ್, 15 ಪೌಂಡ್ ಒತ್ತಡದಲ್ಲಿ 30 ನಿಮಿಷ. ಕಾವು ಏರುವ ಹೊತ್ತನ್ನು ಇದರಲ್ಲಿ ಸೇರಿಸಬೇಡಿ. ಆಟೋಕ್ಲೇವ್ ಕೊಳ್ಳಲು ಆಗದಿದ್ದರೆ ಬ್ಲೇಡ್ ಸಮೇತ ಬಿಸಾಡುವ ಪ್ಲಾಸ್ಟಿಕ್ ಹಿಡಿ ಸಿಗುತ್ತದೆ, ಲೆಕ್ಕ ಹಾಕಿದರೆ ಅದೇ ಅಗ್ಗ.

ಇನ್ನು ನೀರು. ನಲ್ಲಿ, ಬೋರ್, ಆರ್‌ಒ ಯಾವುದೂ ಸ್ಟೆರೈಲ್ ಅಲ್ಲ. ನೀರಿನಲ್ಲಿ ಬದುಕುವ ಮೈಕೋಬ್ಯಾಕ್ಟೀರಿಯಂ ಜಾತಿಯ ಜೀವಿಗಳು ಬಣ್ಣದ ಜೊತೆ ಚರ್ಮದೊಳಗೆ ಹೋದರೆ 1ರಿಂದ 3 ವಾರದ ಮೇಲೆ ಕೆಂಪು ಗುಳ್ಳೆ, ಗಂಟು ಏಳುತ್ತವೆ. ಸಾಮಾನ್ಯ ಆಂಟಿಬಯೋಟಿಕ್‌ಗೆ ಬಗ್ಗುವುದಿಲ್ಲ, ಔಷಧಿ ತಿಂಗಳುಗಟ್ಟಲೆ ಬೇಕಾಗುತ್ತದೆ. 2011–12ರಲ್ಲಿ ಅಮೆರಿಕದ ರಾಚೆಸ್ಟರ್‌ನಲ್ಲಿ 19 ಜನರಿಗೆ ಹೀಗಾಯಿತು, ಮೊದಲೇ ನೀರು ಬೆರೆಸಿಟ್ಟ ಬೂದುಬಣ್ಣದ ಮಸಿಯಿಂದ. ಗಟ್ಟಿಯಾದ ಬಣ್ಣವನ್ನು ಎಸೆಯಿರಿ. ತಯಾರಕರು ತೆಳು ಮಾಡಬಹುದು ಎಂದಿದ್ದರೆ ಅವರದೇ ದ್ರಾವಣ ಅಥವಾ ಔಷಧಿ ಅಂಗಡಿಯ ಇಂಜೆಕ್ಷನ್‌ಗೆ ಬಳಸುವ ಸ್ಟೆರೈಲ್ ನೀರಿನ ಆಂಪೂಲ್ ಮಾತ್ರ. ಬಾಟಲಿಯಿಂದ ಪುಟ್ಟ ಕಪ್ಪಿಗೆ ಹನಿ ಹಾಕಿಕೊಳ್ಳಿ, ಉಳಿದದ್ದನ್ನು ವಾಪಸು ಸುರಿಯಬೇಡಿ. ಬಾಟಲಿ ತೆರೆದ ದಿನಾಂಕವನ್ನು ಮೇಲೆ ಬರೆಯಿರಿ.

ಬಣ್ಣ ಕೊಳ್ಳುವಾಗ ಲೇಬಲ್ ಓದಿ. ಯುರೋಪಿಯನ್ ಒಕ್ಕೂಟ 2022ರ ಜನವರಿ 4ರಿಂದ ಹಚ್ಚೆ ಮತ್ತು ಪರ್ಮನೆಂಟ್ ಮೇಕಪ್ ಬಣ್ಣದ ಸಾವಿರಾರು ರಾಸಾಯನಿಕಗಳಿಗೆ ತನ್ನ ರಾಸಾಯನಿಕ ಸುರಕ್ಷತೆಯ ‘ರೀಚ್’ ನಿಯಮದಡಿ ಮಿತಿ ಹಾಕಿದೆ. ಅದರಂತೆ ತಯಾರಾದ ಬಾಟಲಿಯ ಮೇಲೆ ಹಚ್ಚೆ ಅಥವಾ ಪರ್ಮನೆಂಟ್ ಮೇಕಪ್‌ಗೆ ಬಳಸುವ ಮಿಶ್ರಣವೆಂದು ಬರೆದು, ಪದಾರ್ಥಗಳ ಪಟ್ಟಿಯನ್ನೂ ಬ್ಯಾಚ್ ನಂಬರನ್ನೂ ಹಾಕಿರುತ್ತಾರೆ. ಪದಾರ್ಥಗಳ ಹೆಸರೇ ಇಲ್ಲದ ಆನ್‌ಲೈನ್ ಬಾಟಲಿಗೆ ಕೈ ಹಾಕಬೇಡಿ. ‘ಎಫ್‌ಡಿಎ ಅನುಮೋದಿತ ಬಣ್ಣ’ ಎಂದು ಬರೆದಿದ್ದರೆ ಅದು ಸುಳ್ಳು. ಚರ್ಮದೊಳಗೆ ಚುಚ್ಚಲೆಂದು ಅಮೆರಿಕದ ಆಹಾರ, ಔಷಧ ನಿಯಂತ್ರಣ ಸಂಸ್ಥೆಯಾದ ಎಫ್‌ಡಿಎ ಯಾವ ಬಣ್ಣಕ್ಕೂ ಒಪ್ಪಿಗೆ ಕೊಟ್ಟಿಲ್ಲ.

ನಿಮ್ಮ ರಕ್ಷಣೆಯೂ ಇದೆ. ಹೆಪಟೈಟಿಸ್ ಬಿ ಲಸಿಕೆ 3 ಡೋಸ್: ಇಂದು, ಒಂದು ತಿಂಗಳಿಗೆ, ಆರನೇ ತಿಂಗಳಿಗೆ. ಗಿರಾಕಿಯ ಎಚ್‌ಐವಿ ರಿಪೋರ್ಟ್ ಕೇಳುವುದು ಬೇಡ, ಎಲ್ಲರ ರಕ್ತವನ್ನೂ ಒಂದೇ ಎಚ್ಚರದಿಂದ ನೋಡಿ. ಗ್ಲೌಸ್ ಹಾಕಿದ ಕೈಯಲ್ಲಿ ಮೊಬೈಲ್ ಮುಟ್ಟಿದಿರೋ, ಗ್ಲೌಸ್ ಬದಲಿಸಿ. ಪಾರ್ಲರ್‌ಗಳಲ್ಲಿ ನಾವು ಅತಿ ಹೆಚ್ಚು ಕಾಣುವ ತಪ್ಪು ಇದೇ. ರಕ್ತ ಬಿದ್ದ ಜಾಗಕ್ಕೆ 1% ಹೈಪೊಕ್ಲೋರೈಟ್ ಹಾಕಿ 10 ನಿಮಿಷ ಬಿಟ್ಟು ಒರೆಸಿ. ಬಳಸಿದ ಸೂಜಿ, ಬ್ಲೇಡು ಚುಚ್ಚಿ ಹೊರಬರದ ಗಟ್ಟಿ ಡಬ್ಬಿಗೆ ಹೋಗಬೇಕು, ಅಲ್ಲಿಂದ ವೈದ್ಯಕೀಯ ತ್ಯಾಜ್ಯದವರಿಗೆ. ಊರ ಕಸದ ಗಾಡಿಗೆ ಹಾಕಿದರೆ ಪೌರಕಾರ್ಮಿಕರ ಕೈಗೆ ಚುಚ್ಚುತ್ತದೆ. ನಿಮಗೇ ಚುಚ್ಚಿಕೊಂಡರೆ ಸೋಪು ನೀರಲ್ಲಿ ತೊಳೆದು, ಹಿಂಡದೆ, ಅದೇ ದಿನ ಜಿಲ್ಲಾ ಆಸ್ಪತ್ರೆಗೆ ಹೋಗಿ. ಎಚ್‌ಐವಿ ತಡೆಯುವ ಗುಳಿಗೆ 72 ಗಂಟೆಯೊಳಗೆ ಶುರುವಾಗಬೇಕು.

3 ದಿನದ ಕೋರ್ಸಿನಲ್ಲಿ ಹುಬ್ಬಿನ ಆಕಾರ ಬರೆಯಲು ಬರಬಹುದು. ಆಳ ಕೈಗೆ ಹತ್ತುವುದು ಅಭ್ಯಾಸದ ರಬ್ಬರ್ ಹಾಳೆಗಳನ್ನು ಕಟ್ಟುಗಟ್ಟಲೆ ಮುಗಿಸಿದ ಮೇಲೆಯೇ.

ಪ್ರಶ್ನೆ: ತುಟಿ ಕಪ್ಪಗಿದೆ, ಲಿಪ್ ಬ್ಲಶ್ ಮಾಡಿಸಬೇಕೆಂದಿದ್ದೇನೆ. ಜ್ವರ ಬಂದಾಗಲೆಲ್ಲ ತುಟಿಯ ಅಂಚಿಗೆ ನೀರುಗುಳ್ಳೆ ಏಳುತ್ತವೆ. ತೊಂದರೆಯೇ?
– ಬಸವಕಲ್ಯಾಣ

ಆ ಗುಳ್ಳೆಗೆ ಕಾರಣ ಹರ್ಪಿಸ್ ವೈರಸ್. ಒಮ್ಮೆ ಬಂದರೆ ನರದ ಬುಡದಲ್ಲಿ ಮಲಗಿರುತ್ತದೆ, ಸೂಜಿ ಚುಚ್ಚಿದರೆ ಏಳುತ್ತದೆ. ಆಗ ಗುಳ್ಳೆ ತುಟಿಯ ತುಂಬ ಹರಡಬಹುದು, ಬಣ್ಣವೂ ತೇಪೆತೇಪೆಯಾಗಿ ಹೋಗುತ್ತದೆ. ಜೀವಮಾನದಲ್ಲಿ ಒಂದೇ ಸಲ ಬಂದಿದ್ದರೂ ಹೇಳಬೇಕು. ವೈದ್ಯರು ಅಸೈಕ್ಲೋವಿರ್ ಅಥವಾ ವ್ಯಾಲಸೈಕ್ಲೋವಿರ್ ಗುಳಿಗೆಯನ್ನು ಕೂರಿಕೆಗೆ ಮೊದಲೇ ಶುರುಮಾಡಿಸಿ ಕೆಲವು ದಿನ ಮುಂದುವರಿಸುತ್ತಾರೆ. ಗುಳ್ಳೆ ಇರುವ ದಿನ ಯಾರೂ ತುಟಿಗೆ ಸೂಜಿ ಹಚ್ಚಬಾರದು.

ಕಪ್ಪು ಏಕೆ ಎಂಬುದೂ ಮುಖ್ಯ. ತುಟಿ ನೆಕ್ಕುವ ಚಟ, ಗುಟ್ಕಾ, ತಂಬಾಕಿನ ಮಿಶ್ರಿ, ಲಿಪ್‌ಸ್ಟಿಕ್ ಅಥವಾ ಟೂತ್‌ಪೇಸ್ಟಿನ ಅಲರ್ಜಿ, ಇವನ್ನು ಬಿಡದೆ ಮೇಲೆ ಬಣ್ಣ ತುಂಬಿದರೆ ಸೂಜಿಯ ಪೆಟ್ಟಿಗೆ ತುಟಿ ಇನ್ನಷ್ಟು ಕಪ್ಪಾಗಬಹುದು. ನಮ್ಮ ಮೈಬಣ್ಣದವರಿಗೆ ಈ ಸಾಧ್ಯತೆ ಹೆಚ್ಚು. ಕಪ್ಪು ತುಟಿಗೆ ನೇರ ಗುಲಾಬಿ ಹಾಕಿದರೆ ಬೂದಿ ಬಳಿದಂತಾಗುತ್ತದೆ. ಮೊದಲ ಕೂರಿಕೆಯಲ್ಲಿ ಕಿತ್ತಳೆ ಛಾಯೆ ಹಾಕಿ ಕಪ್ಪನ್ನು ಇಳಿಸಿ, ಎರಡು ತಿಂಗಳು ಬಿಟ್ಟು ಬೇಕಾದ ಬಣ್ಣ ಹಾಕುವುದು ಬಲ್ಲವರ ಕ್ರಮ. ಒಂದೇ ದಿನದಲ್ಲಿ ಗುಲಾಬಿ ತುಟಿ ಎನ್ನುವವರ ಬಳಿ ಹೋಗಬೇಡಿ.

ಪ್ರಶ್ನೆ: ಐಲೈನರ್ ಹಚ್ಚೆ ನೋಯುತ್ತದೆಯೇ? ನೋವಿಗೆ ಎರಡು ತಾಸು ಕ್ರೀಮ್ ಹಚ್ಚಿ ಪ್ಲಾಸ್ಟಿಕ್ ಸುತ್ತುತ್ತಾರಂತೆ. ನಾನು ಲೆನ್ಸ್ ಹಾಕುತ್ತೇನೆ.
– ವಿದ್ಯಾರ್ಥಿನಿ, ಕಲಬುರಗಿ

ನೋಯುತ್ತದೆ. ಆದರೆ ನೋವಿಗಿಂತ ಆ ಕ್ರೀಮ್ ದೊಡ್ಡ ವಿಷಯ. ಮರಗಟ್ಟಿಸುವ ಕ್ರೀಮಿನಲ್ಲಿ ಲಿಡೊಕೇನ್, ಕೆಲವದರಲ್ಲಿ ಜೊತೆಗೆ ಪ್ರಿಲೊಕೇನ್ ಇರುತ್ತದೆ. ಹೆಚ್ಚು ಜಾಗಕ್ಕೆ, ಹೆಚ್ಚು ಹೊತ್ತು, ಪ್ಲಾಸ್ಟಿಕ್ ಮುಚ್ಚಿ ಹಚ್ಚಿದರೆ ರಕ್ತಕ್ಕೆ ಇಳಿಯುತ್ತದೆ. ಬಾಯಿಸುತ್ತ ಜುಮುಜುಮು, ಕಿವಿಯಲ್ಲಿ ಗುಂಯ್ ಸದ್ದು, ತಲೆಸುತ್ತು, ಮಿತಿಮೀರಿದರೆ ಫಿಟ್ಸ್. ತುಟಿ, ಉಗುರು ನೀಲಿಯಾಗುವುದು ಪ್ರಿಲೊಕೇನ್‌ನ ಕೆಟ್ಟ ಸೂಚನೆ. 2024ರ ಮಾರ್ಚ್‌ನಲ್ಲಿ ಎಫ್‌ಡಿಎ ಇಂಥ ಕ್ರೀಮುಗಳ ಬಗ್ಗೆ ಎಚ್ಚರಿಸಿ, ವೈದ್ಯರ ಚೀಟಿಯಿಲ್ಲದೆ ಕೊಳ್ಳುವವುಗಳಲ್ಲಿ 4%ಕ್ಕಿಂತ ಹೆಚ್ಚು ಲಿಡೊಕೇನ್ ಇದ್ದರೆ ಬೇಡವೆಂದಿತು. ಹೆಸರಿಲ್ಲದ ಟ್ಯೂಬ್ ಕಂಡರೆ ಎದ್ದುಬನ್ನಿ.

ಕಣ್ಣಿನ ಬಳಿ ಇನ್ನೂ ಅಪಾಯ. ಲಿಡೊಕೇನ್–ಪ್ರಿಲೊಕೇನ್ ಕ್ರೀಮ್ ಕ್ಷಾರೀಯ. ಕಣ್ಣೊಳಗೆ ಹೋದರೆ ಕಾರ್ನಿಯಾ (ಕಣ್ಣಿನ ಮುಂದಿನ ಪಾರದರ್ಶಕ ಪದರ) ಸುಡುತ್ತದೆ, ಮರಗಟ್ಟಿರುವ ಕಾರಣ ಸುಡುವುದು ತಿಳಿಯುವುದೂ ಇಲ್ಲ. ರೆಪ್ಪೆಯಂಚಿನಲ್ಲಿ ಕಣ್ಣಿನ ಎಣ್ಣೆಗ್ರಂಥಿಗಳ ಬಾಯಿ ಇದೆ, ಅಲ್ಲಿ ಸೂಜಿ ಆಡಿದರೆ ಕಣ್ಣು ಒಣಗುವ ತೊಂದರೆ ಅಂಟಿಕೊಳ್ಳುತ್ತದೆ. ಒಣಗಣ್ಣು, ಗ್ಲಾಕೋಮಾ ಇರುವವರು, ಲೇಸಿಕ್ (ಕನ್ನಡಕ ಬಿಡಿಸುವ ಲೇಸರ್ ಶಸ್ತ್ರಚಿಕಿತ್ಸೆ) ಹೊಸದಾಗಿ ಮಾಡಿಸಿದವರು ದೂರವಿರಿ. ಲೆನ್ಸ್ ಬಳಸುವವರು ಅಂದು ಕನ್ನಡಕದಲ್ಲೇ ಹೋಗಿ ಊತ ಪೂರ್ತಿ ಇಳಿಯುವ ತನಕ ಅದರಲ್ಲೇ ಇರಬೇಕು. ನಮ್ಮನ್ನು ಕೇಳಿದರೆ, ಕಾಡಿಗೆಗೆ ದಿನಕ್ಕೆ ಎರಡು ನಿಮಿಷ ಸಾಕಲ್ಲವೇ.

ಪ್ರಶ್ನೆ: ಹೇರ್‌ಡೈ ಹಚ್ಚಿದರೆ ನನಗೆ ತಲೆ ನವೆ, ರೋಲ್ಡ್‌ಗೋಲ್ಡ್ ಓಲೆಗೆ ಕಿವಿ ಕೀವಾಗುತ್ತದೆ. ಹುಬ್ಬಿಗೆ ಮಾಡಿಸಬಹುದೇ?
– ಹುಮನಾಬಾದ್

ಡೈಯಲ್ಲಿರುವುದು ಪಿಪಿಡಿ ಎಂಬ ರಾಸಾಯನಿಕ, ಓಲೆಯಲ್ಲಿರುವುದು ನಿಕಲ್ ಲೋಹ. ಹುಬ್ಬಿನ ಬಣ್ಣದ ಐರನ್ ಆಕ್ಸೈಡ್‌ನಲ್ಲಿ ನಿಕಲ್ ಅಂಶ ಕಿಂಚಿತ್ ಇರಬಹುದು. ಮೊದಲು ಚರ್ಮರೋಗ ವೈದ್ಯರಲ್ಲಿ ಪ್ಯಾಚ್ ಪರೀಕ್ಷೆ (ಯಾವುದಕ್ಕೆ ಅಲರ್ಜಿ ಎಂದು ಚರ್ಮದ ಮೇಲೆ ನೋಡುವುದು) ಆಗಲಿ. ಪಾರ್ಲರ್‌ನವರು ಕಿವಿಯ ಹಿಂದೆ ಅದೇ ಬಣ್ಣವನ್ನು ಹಚ್ಚಿ, ಸೂಜಿಯಿಂದ ಒಂದೆರಡು ಚುಕ್ಕೆ ಇಟ್ಟು 48 ಗಂಟೆ ಕಾಯಿಸುವುದೂ ಒಳ್ಳೆಯದೇ. ಆದರೆ ತಿಂಗಳುಗಳ ನಂತರ ಏಳುವ ಅಲರ್ಜಿ, ಗಂಟುಗಳನ್ನು ಯಾವ ಪರೀಕ್ಷೆಯೂ ಮುಂಚೆ ಹೇಳಲಾರದು. ಚರ್ಮದಿಂದ ಬಣ್ಣ ತೆಗೆಯುವುದು ಓಲೆ ತೆಗೆದಷ್ಟು ಸುಲಭವಲ್ಲ.

ಪ್ರಶ್ನೆ: ಸಂಕ್ರಾಂತಿಗಿ ಮೈಲಾಪುರ ಜಾತ್ರಿಗಿ ಹೋಗ್ತೀವಿ. ಅದರ ಹಿಂದಿನ ವಾರ ಹುಬ್ಬು ಮಾಡಿಸಿದ್ರ ನಡೀತದ?
– ಯಾದಗಿರಿ

ಮೈಲಾರಲಿಂಗನ ಜಾತ್ರೆಯಲ್ಲಿ ಭಂಡಾರದ ಅರಿಷಿಣ ಹಾರದೆ ಇರುತ್ತದೆಯೇ? ಜಾತ್ರೆ ಮುಗಿಸಿ ಬಂದು ಮಾಡಿಸಿ. ಬೀದರ್‌ನ ನರಸಿಂಹ ಝರಣಿಯಲ್ಲಿ ಎದೆಮಟ್ಟದ ನೀರಲ್ಲಿ ನಡೆಯುವ ಹರಕೆ ಇದ್ದವರಿಗೂ ಇದೇ ಮಾತು. ಗಾಯ ಮಾಯುವ 10–14 ದಿನ ಮುಳುಗು ಸ್ನಾನ, ಹಬೆ, ಬೆವರು, ಬಿಸಿಲು ಕೂಡದು. ನಮ್ಮ ಕಡೆ ಏಪ್ರಿಲ್–ಮೇನಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ, ಬೆವರಿನಲ್ಲಿ ಬಣ್ಣ ನಿಲ್ಲುವುದಿಲ್ಲ. ನವೆಂಬರಿನಿಂದ ಫೆಬ್ರವರಿ ಒಳ್ಳೆಯ ಕಾಲ. ತೊಗರಿ ರಾಶಿಯ ಧೂಳಿಗೆ ಮಾತ್ರ ಹೋಗಬೇಡಿ.

ಆರೈಕೆ ಸುಲಭ: ಕುದಿಸಿ ಆರಿಸಿದ ನೀರು ಅಥವಾ ಸಲೈನ್‌ನಲ್ಲಿ ಅದ್ದಿದ ಹತ್ತಿಯಿಂದ ಒತ್ತಿ ಒರೆಸಿ, ಅಕ್ಕಿಕಾಳಿನಷ್ಟು ಪೆಟ್ರೋಲಿಯಂ ಜೆಲ್ಲಿ ಸವರಿ. ಕೊಬ್ಬರಿ ಎಣ್ಣೆ, ಅರಿಷಿಣ, ಬೆಟ್ನೊವೇಟ್‌ನಂಥ ಸ್ಟೀರಾಯ್ಡ್ ಮುಲಾಮು ಬೇಡ. ಹಕ್ಕಳೆ ಕೀಳಬೇಡಿ. ಮೂರನೇ ದಿನದ ಮೇಲೂ ಕೆಂಪು, ಬಿಸಿ, ನೋವು ಏರುತ್ತಿದ್ದರೆ, ಕೀವು ಅಥವಾ ಜ್ವರ ಬಂದರೆ ಪಾರ್ಲರ್‌ಗಲ್ಲ, ಆಸ್ಪತ್ರೆಗೆ.

ಪ್ರಶ್ನೆ: ಎರಡು ವರ್ಷದ ಹಿಂದೆ ಮಾಡಿಸಿದ ಹುಬ್ಬು ಈಗ ಇಟ್ಟಿಗೆ ಕೆಂಪಾಗಿದೆ. ಸುಣ್ಣ ಹಚ್ಚಿದರೆ ಹೋಗುತ್ತದೆ ಅಂತಾರೆ.
– ಆಳಂದ

ಸುಣ್ಣಕ್ಕೆ ಚರ್ಮ ಸುಟ್ಟು ಹೋಗುತ್ತದೆ, ಬಣ್ಣ ಉಳಿಯುತ್ತದೆ. ಆನ್‌ಲೈನ್‌ನ ‘ಟ್ಯಾಟೂ ತೆಗೆಯುವ ಕ್ರೀಮ್’ ಎಂಬ ಆಸಿಡ್ಡೂ ಅಷ್ಟೇ. ಕಂದು ಬಣ್ಣವೆಂದರೆ ಕಪ್ಪು, ಹಳದಿ, ಕೆಂಪು ಐರನ್ ಆಕ್ಸೈಡ್‌ಗಳ ಮಿಶ್ರಣ. ಉಳಿದವು ಮೊದಲು ಮಾಸಿ ಕೆಂಪು ಕೊನೆತನಕ ನಿಲ್ಲುತ್ತದೆ. ಇಂಗಾಲದ ಕಪ್ಪು ಹಾಕಿಸಿದವರಿಗೆ ಇದೇ ತೊಂದರೆ ನೀಲಿಬೂದಿಯಾಗಿ ಬರುತ್ತದೆ. ಕೆಂಪಿನ ಮೇಲೆ ಹಸಿರು ಛಾಯೆಯ ಕಂದು, ನೀಲಿಯ ಮೇಲೆ ಕಿತ್ತಳೆ ಛಾಯೆ ಹಾಕಿ ಸರಿಪಡಿಸಬಹುದು, ಅದೂ ಹಳೆಯದು ಚೆನ್ನಾಗಿ ಮಾಸಿದ್ದರೆ ಮಾತ್ರ.

ತೆಗೆಸಲೇಬೇಕೆಂದರೆ ಕ್ಯೂ-ಸ್ವಿಚ್ಡ್ ಎನ್‌ಡಿ ಯಾಗ್ ಲೇಸರ್, ಚರ್ಮರೋಗ ವೈದ್ಯರ ಕೈಯಲ್ಲೇ. 6ರಿಂದ 8 ವಾರಕ್ಕೊಮ್ಮೆ ಹಲವು ಕೂರಿಕೆ ಬೇಕು. ಹುಬ್ಬಿನ ತುದಿಯಲ್ಲಿ ಒಂದು ಚುಕ್ಕೆಗೆ ಮೊದಲು ಹೊಡೆದು ನೋಡಲು ಹೇಳಿ. ಐರನ್ ಆಕ್ಸೈಡ್, ಟೈಟೇನಿಯಂ ಡೈಆಕ್ಸೈಡ್ ಇರುವ ಬಣ್ಣಗಳು ಲೇಸರ್ ತಗುಲಿದ ಕೂಡಲೇ ಕಪ್ಪಾಗಿಬಿಡಬಹುದು. ಬಿಳಿ, ಚರ್ಮದ ಬಣ್ಣ, ತಿಳಿಗುಲಾಬಿ ತುಟಿಗಳಲ್ಲಿ ಇದು ಹೆಚ್ಚು. ಹಿಂದಿನ ಪಾರ್ಲರ್‌ನವರಿಂದ ಬಾಟಲಿಯ ಹೆಸರು ಸಿಕ್ಕರೆ ತನ್ನಿ.

ಪ್ರಶ್ನೆ: ಹುಬ್ಬು ಮಾಡಿಸಿದ ಮೇಲೆ ರಕ್ತದಾನ, ಎಂಆರ್‌ಐ ಮಾಡಿಸಬಹುದೇ?
– ಚಿಂಚೋಳಿ

ರಕ್ತದಾನಕ್ಕೆ 12 ತಿಂಗಳು ಕಾಯಬೇಕು, ನಮ್ಮ ದೇಶದ ರಕ್ತನಿಧಿಗಳು ಹಚ್ಚೆಯವರಿಗೆ ಹಾಕಿರುವ ಲೆಕ್ಕ ಅದು. ಎಂಆರ್‌ಐ ಮಾಡಿಸಬಹುದು. ಐರನ್ ಆಕ್ಸೈಡ್‌ನಿಂದಾಗಿ ಅಪರೂಪಕ್ಕೆ ಕೆಲವರಿಗೆ ಹುಬ್ಬು ಬಿಸಿಯಾದಂತೆ, ಎಳೆದಂತೆ ಅನ್ನಿಸುತ್ತದೆ. ಕಣ್ಣಿನ ಸುತ್ತಲಿನ ಚಿತ್ರ ಸ್ವಲ್ಪ ಕೆಡಲೂಬಹುದು. ಮಷೀನಿನೊಳಗೆ ಮಲಗುವ ಮೊದಲೇ ಹುಬ್ಬಿಗೆ ಹಚ್ಚೆ ಇದೆ ಎಂದು ಹೇಳಿ, ಬಿಸಿಯಾದರೆ ಸಿಬ್ಬಂದಿಯನ್ನು ಕರೆಯಲು ಕೈಯಲ್ಲಿ ಕೊಟ್ಟ ರಬ್ಬರ್ ಬಲ್ಬ್ ಒತ್ತಿ.